ಆಫರ್ ಲೆಟರ್‌ನ ಎರಡನೇ ಹೆಸರು

ಹೋದ ವರ್ಷ ತೊಗರಿ ರಾಶಿ ಮುಗಿಯುತ್ತಿದ್ದ ದಿನಗಳು. ಕಲಬುರಗಿಯ ನೆಹರೂ ಗಂಜ್‌ನಲ್ಲಿ ಅಡತಿ (ದಲ್ಲಾಳಿ) ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು ಮಗಳನ್ನು ಕರೆದುಕೊಂಡು ಸಂಜೆ ಮನೆಗೆ ಬಂದರು. ಹುಡುಗಿ ಪಿಯುಸಿ ಕಾಮರ್ಸ್ ಮುಗಿಸಿ ಬಿ.ಕಾಂ ಮೊದಲ ವರ್ಷದಲ್ಲಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಫೈಲಿನಲ್ಲಿ ಹತ್ತು ಹಾಳೆಯ ಒಂದು ಪತ್ರ. "ಸರ, ಇಂಗ್ಲೆಂಡಿನ ಯೂನಿವರ್ಸಿಟಿದು ಆಫರ್ ಲೆಟರ್ ಬಂದದ. ಈ ವಾರದಾಗ ಡಿಪಾಸಿಟ್ ಕಟ್ರಿ ಅಂತ ಏಜೆಂಟ್ ಭಾಳ ಅವಸರ ಮಾಡ್ಲತ್ತಾನ. ಒಮ್ಮೆ ಓದ್ರಿ" ಅಂದರು.

ಮೊದಲ ಹಾಳೆಯ ಮೇಲೆ ವಿಶ್ವವಿದ್ಯಾಲಯದ ಲಾಂಛನ, ಕೆಳಗೆ ಅಭಿನಂದನೆ. ಕೋರ್ಸಿನ ಹೆಸರು 'ಇಂಟರ್‌ನ್ಯಾಷನಲ್ ಇಯರ್ ಒನ್'. ಏಳನೇ ಹಾಳೆಗೆ ಬಂದಾಗ ಅಕ್ಷರ ಸಣ್ಣದಾಯಿತು. ಅಲ್ಲಿ ಎರಡನೇ ಹೆಸರೊಂದು ಇತ್ತು, ಒಂದು ಖಾಸಗಿ ಕಂಪನಿಯದು. ಪಾಠ ಮಾಡುವುದು ಆ ಕಂಪನಿ, ಫೀ ಕಟ್ಟಬೇಕಾದದ್ದು ಅದರ ಖಾತೆಗೆ, ಕರಾರು ಆಗುವುದೂ ಅದರ ಜೊತೆಗೆ. ಒಂದು ವರ್ಷ ಅಲ್ಲಿ ಓದಿ, ಅವರು ಹೇಳಿದಷ್ಟು ಅಂಕ ತೆಗೆದರೆ, ಲಾಂಛನದ ಮಾಲೀಕರಾದ ವಿಶ್ವವಿದ್ಯಾಲಯದ ಎರಡನೇ ವರ್ಷಕ್ಕೆ ಪ್ರವೇಶ. ಇಷ್ಟನ್ನು ಬಿಡಿಸಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾರ ಈ ಏಜೆಂಟ್ ಯಾರ ಮನಷ್ಯಾರಿ? ಇಂವಗ ಅಡತಿ ಯಾರ್ ಕೊಡ್ತಾರ?"

ಗಂಜ್‌ನಲ್ಲಿ ಮೂವತ್ತು ವರ್ಷ ಕಳೆದವರಿಗೆ ಈ ಪ್ರಶ್ನೆ ಸಹಜ. ಅಡತಿ ಅಂದರೆ ದಲ್ಲಾಳಿಯ ಕಮಿಷನ್. ಇದೇ ಪ್ರಶ್ನೆಯನ್ನು ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳ ಅಧ್ಯಾಪಕರು, ವಿದ್ಯಾರ್ಥಿ ಸಂಘದವರು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದಾರೆ. ನಮ್ಮ ಕಡೆ ಆ ಸುದ್ದಿ ಬರುವುದು "ವಿದೇಶಿ ವಿದ್ಯಾರ್ಥಿಗಳಿಗೆ ವಿರೋಧ" ಎಂಬ ತಲೆಬರಹ ಹೊತ್ತು. ಓದಿದವರಿಗೆ, ನಮ್ಮ ಮಕ್ಕಳು ಅಲ್ಲಿಗೆ ಬರುವುದೇ ಅವರಿಗೆ ಬೇಡವಾಗಿದೆ ಅನ್ನಿಸುತ್ತದೆ. ಹಾಗೆ ಅನ್ನುವವರೂ ಆ ದೇಶಗಳಲ್ಲಿ ಇದ್ದಾರೆ, ಇಲ್ಲ ಎನ್ನಲಾರೆ. ಆದರೆ ಅಧ್ಯಾಪಕರ ತಕರಾರು ಬೇರೆ, ಅದರ ಒಳಗೆ ಹೋಗಿ ನೋಡಿದರೆ ಅವರು ನಿಂತಿರುವುದು ಈ ಹುಡುಗಿಯ ಪಕ್ಕದಲ್ಲಿ.

ಮೊದಲು ಈ ವ್ಯವಹಾರ ನಡೆಯುವುದು ಹೇಗೆ ಅಂತ ನೋಡೋಣ.

ಇಂಥ ಕೋರ್ಸುಗಳಿಗೆ ಒಟ್ಟಾಗಿ 'ಪಾಥ್‌ವೇ' ಎನ್ನುತ್ತಾರೆ. ಹನ್ನೆರಡನೇ ತರಗತಿ ಮುಗಿಸಿದವರಿಗೆ 'ಫೌಂಡೇಶನ್', ಅದಕ್ಕಿಂತ ಸ್ವಲ್ಪ ಮುಂದಿರುವವರಿಗೆ 'ಇಯರ್ ಒನ್', ಪದವಿ ಮುಗಿಸಿದವರಿಗೆ 'ಪ್ರಿ-ಮಾಸ್ಟರ್ಸ್'. ನೇರ ಪ್ರವೇಶಕ್ಕೆ ಬೇಕಾದ ಅಂಕ ಇಲ್ಲದವರಿಗೆ, ಇಂಗ್ಲಿಷ್ ಜ್ಞಾನ ಅಳೆಯುವ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಅರ್ಧವೋ ಒಂದೋ ಬ್ಯಾಂಡ್ ಕಡಿಮೆ ಬಿದ್ದವರಿಗೆ ಇದೊಂದು ಮೆಟ್ಟಿಲು. ಮೆಟ್ಟಿಲಿನ ಕಲ್ಪನೆಯಲ್ಲಿ ತಪ್ಪೇನಿಲ್ಲ. ಎಷ್ಟೋ ವಿಶ್ವವಿದ್ಯಾಲಯಗಳು ಇದನ್ನು ತಮ್ಮದೇ ಅಧ್ಯಾಪಕರಿಂದ ನಡೆಸುತ್ತಿದ್ದವು, ಕೆಲವು ಈಗಲೂ ನಡೆಸುತ್ತವೆ. ಜಗಳ ಶುರುವಾದದ್ದು ಮೆಟ್ಟಿಲನ್ನು ಕಂಪನಿಗೆ ಗುತ್ತಿಗೆ ಕೊಟ್ಟ ಮೇಲೆ.

ಈ ದಾರಿಯಲ್ಲಿ ಮೊದಲು ದೊಡ್ಡದಾಗಿ ಬೆಳೆದದ್ದು ಆಸ್ಟ್ರೇಲಿಯಾದ ನ್ಯಾವಿಟಾಸ್. 1994ರಲ್ಲಿ ಪರ್ತ್‌ನಲ್ಲಿ, ಎಡಿತ್ ಕೋವನ್ ವಿಶ್ವವಿದ್ಯಾಲಯದ ನಂಟಿನಲ್ಲಿ ಒಂದು ಸಣ್ಣ ಸಂಸ್ಥೆಯಾಗಿ ಹುಟ್ಟಿ, 2004ರಲ್ಲಿ ಷೇರು ಮಾರುಕಟ್ಟೆಗೆ ಹೋಯಿತು, 2007ರಲ್ಲಿ ಈಗಿನ ಹೆಸರು ಇಟ್ಟುಕೊಂಡಿತು, 2019ರಲ್ಲಿ ಖಾಸಗಿ ಹೂಡಿಕೆದಾರರ ಕೂಟವೊಂದು ಅದನ್ನು ಕೊಂಡಿತು. ಇಂಗ್ಲೆಂಡಿನಲ್ಲಿ ಇನ್‌ಟು ಎಂಬ ಕಂಪನಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದೊಂದಿಗೆ ಜಂಟಿ ಉದ್ಯಮ ಕಟ್ಟಿ, ಆಮೇಲೆ ಎಕ್ಸೆಟರ್, ನ್ಯೂಕ್ಯಾಸಲ್ ಎಂದು ಹಬ್ಬಿತು. 2008ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್‌ಗೂ ಕಾಲಿಟ್ಟಿತು. ಕಪ್ಲಾನ್, ಸ್ಟಡಿ ಗ್ರೂಪ್ ಅದೇ ಸಾಲಿನವು. ಎರಡು ಮಾದರಿಗಳಿವೆ. ಒಂದರಲ್ಲಿ ಕಂಪನಿ ತಾನೇ ಕಾಲೇಜು ನಡೆಸಿ, ವಿಶ್ವವಿದ್ಯಾಲಯಕ್ಕೆ ಹೆಸರು ಮತ್ತು ಜಾಗದ ಬಾಬ್ತು ಫೀಯಲ್ಲಿ ಒಂದು ಪಾಲು ಕೊಡುತ್ತದೆ. ಇನ್ನೊಂದರಲ್ಲಿ ಇಬ್ಬರೂ ಸೇರಿ ಹೊಸ ಕಂಪನಿ ತೆರೆದು ಲಾಭ ಹಂಚಿಕೊಳ್ಳುತ್ತಾರೆ. ಎರಡರಲ್ಲೂ ವಿಶ್ವವಿದ್ಯಾಲಯದ ಕಣ್ಣು ಮುಂದಿನ ವರ್ಷಗಳ ಮೇಲೆ. ಮೆಟ್ಟಿಲು ಹತ್ತಿ ಬಂದ ವಿದ್ಯಾರ್ಥಿ ಅಲ್ಲಿಂದಾಚೆ ಪೂರ್ತಿ ವಿದೇಶಿ ಫೀಯನ್ನು ಅವರಿಗೇ ಕಟ್ಟುತ್ತಾನಲ್ಲ.

ವಿಶ್ವವಿದ್ಯಾಲಯಗಳಿಗೆ ಇದು ಯಾಕೆ ಬೇಕಾಯಿತು? ಇಂಗ್ಲೆಂಡಿನ ಲೆಕ್ಕ ನೋಡಿ. ಸ್ಥಳೀಯ ವಿದ್ಯಾರ್ಥಿಯಿಂದ ಪಡೆಯಬಹುದಾದ ಗರಿಷ್ಠ ಫೀ 2012ರಲ್ಲಿ 9,000 ಪೌಂಡ್, 2017ರಲ್ಲಿ 9,250. ಅಲ್ಲಿಂದ 2025ರವರೆಗೆ ಅದು ಅಲುಗಲೇ ಇಲ್ಲ. ಆಮೇಲೆ 9,535 ಆಯಿತು. ಬೆಲೆಗಳೆಲ್ಲ ಏರುತ್ತಿದ್ದಾಗ ಫೀ ನಿಂತಲ್ಲೇ ನಿಂತಿತ್ತು. ವಿದೇಶಿ ವಿದ್ಯಾರ್ಥಿಯ ಫೀಗೆ ಮಾತ್ರ ಮಿತಿ ಇಲ್ಲ. ಅಂದಮೇಲೆ ಕುಲಪತಿಗಳ ಕಣ್ಣು ಯಾವ ಕಡೆ ಹೊರಳುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಸರ್ಕಾರ ಕೈ ಬಿಗಿ ಹಿಡಿದಾಗ ಖಾಸಗಿಯವರು ಬಾಗಿಲಿಗೆ ಬರುತ್ತಾರೆ. "ಬಂಡವಾಳ ನಮ್ಮದು, ಕಟ್ಟಡ ನಾವು ಕಟ್ಟುತ್ತೇವೆ, ವಿದ್ಯಾರ್ಥಿಗಳನ್ನು ನಾವೇ ತರುತ್ತೇವೆ, ನಿಮ್ಮ ಹೆಸರೊಂದು ಸಾಕು" ಎನ್ನುತ್ತಾರೆ.

'ನಾವೇ ತರುತ್ತೇವೆ' ಎಂಬ ಮಾತಿನ ಇನ್ನೊಂದು ತುದಿ ನಮ್ಮ ಊರಿನ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ, ಜಗತ್ ಸರ್ಕಲ್ಲಿನ ಆಸುಪಾಸಿನಲ್ಲಿ ಇದೆ. ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಗೋಡೆಗೆ ಲಂಡನ್ ಸೇತುವೆಯ ಚಿತ್ರ, ಬಾಗಿಲಲ್ಲಿ 'ಪ್ರೊಸೆಸಿಂಗ್ ಫ್ರೀ' ಬೋರ್ಡು. ಈ ಕೋಣೆ ನೇರವಾಗಿ ವಿದೇಶಕ್ಕೆ ಜೋಡಣೆಯಾಗಿರುವುದು ಅಪರೂಪ. ಇದು ಹೈದರಾಬಾದಿನ ದೊಡ್ಡ ಏಜೆಂಟನ ಕೈಕೆಳಗೆ, ಅವನು ಇನ್ನೊಂದು ಆನ್‌ಲೈನ್ ವೇದಿಕೆಯ ಕೈಕೆಳಗೆ, ಆ ವೇದಿಕೆ ಕಂಪನಿಯ ಜೊತೆಗೆ. ಬೆಂಗಳೂರಿಗಿಂತ ಹೈದರಾಬಾದ್ ನಮಗೆ ಹತ್ತಿರ. ಅಲ್ಲಿನ ಅಮೀರ್‌ಪೇಟ್‌ಗೆ ಕೋಚಿಂಗ್‌ಗೆಂದು ಹೋದ ಹುಡುಗರೇ ಎಷ್ಟೋ ಸಲ ಊರಿಗೆ ಮರಳಿ ಇಂಥ ಕೋಣೆ ತೆರೆಯುತ್ತಾರೆ. ಫೀ ಯಾಕೆ ಇಲ್ಲ ಅಂದರೆ, ಅವರ ಸಂಪಾದನೆ ನಿಮ್ಮಿಂದ ಬರುವುದಿಲ್ಲ. ಮೊದಲ ವರ್ಷದ ಫೀಯಲ್ಲಿ ಶೇ 10ರಿಂದ 30ರವರೆಗೆ ಕಮಿಷನ್ ಎಂಬುದು ಈ ವ್ಯಾಪಾರದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಹುಡುಗಿಯ ಪತ್ರದಲ್ಲಿದ್ದ ಫೀ 18,000 ಪೌಂಡ್. ಶೇ 20 ಅಂತ ಹಿಡಿದರೂ 3,600 ಪೌಂಡ್, ನಮ್ಮ ರೂಪಾಯಿಯಲ್ಲಿ ಮೂರೂವರೆ ಲಕ್ಷ ದಾಟುತ್ತದೆ. ಇದು ಕೊನೆಗೆ ಹೋಗುವುದು ಅಪ್ಪ ಕಟ್ಟುವ ಫೀಯೊಳಗಿಂದಲೇ. ಹಾಗಾಗಿ 'ಫ್ರೀ' ಎಂಬ ಬೋರ್ಡನ್ನು ನಾನು ನಂಬುವುದಿಲ್ಲ.

ಇಲ್ಲೊಂದು ವಿಚಿತ್ರ ಗಮನಿಸಿ. ಅಮೆರಿಕದಲ್ಲಿ, ತನ್ನದೇ ದೇಶದ ವಿದ್ಯಾರ್ಥಿಯನ್ನು ತಂದುಕೊಟ್ಟದ್ದಕ್ಕೆ ತಲೆಗಿಷ್ಟು ಅಂತ ಕಮಿಷನ್ ಕೊಡುವುದನ್ನು 1992ರಲ್ಲೇ ಕಾನೂನು ನಿಷೇಧಿಸಿತು. ಸರ್ಕಾರದ ವಿದ್ಯಾರ್ಥಿ ಸಹಾಯಧನ ಪಡೆಯುವ ಎಲ್ಲ ಕಾಲೇಜುಗಳಿಗೂ ಆ ನಿಯಮ ಅನ್ವಯ. ಕಾರಣ ಸರಳ: ತಲೆ ಎಣಿಸಿ ದುಡ್ಡು ಕೊಟ್ಟರೆ ಏಜೆಂಟ್ ತಲೆಯನ್ನಷ್ಟೇ ನೋಡುತ್ತಾನೆ, ಅದರೊಳಗೆ ಏನಿದೆ ಅಂತ ನೋಡುವುದಿಲ್ಲ. ಆದರೆ ಅದೇ ಕಾನೂನಿನಲ್ಲಿ, ಆ ಸಹಾಯಧನಕ್ಕೆ ಅರ್ಹರಲ್ಲದ, ಹೊರದೇಶದಲ್ಲಿರುವ ವಿದೇಶಿ ವಿದ್ಯಾರ್ಥಿಗಳನ್ನು ತರುವವರಿಗೆ ವಿನಾಯಿತಿ ಇದೆ. ತನ್ನ ಮಕ್ಕಳಿಗೆ ಕೆಟ್ಟದ್ದು ಅಂತ ಮುಚ್ಚಿದ ಬಾಗಿಲನ್ನು ಬೇರೆಯವರ ಮಕ್ಕಳಿಗೆ ತೆರೆದೇ ಇಟ್ಟರು. ಪ್ರವೇಶಾಧಿಕಾರಿಗಳ ರಾಷ್ಟ್ರೀಯ ಸಂಘ ಈ ಬಗ್ಗೆ ಬಹಳ ವಾದ ಮಾಡಿ, ಕೊನೆಗೆ 2013ರಲ್ಲಿ ವಿದೇಶಿ ನೇಮಕಾತಿಗೆ ಏಜೆಂಟರನ್ನು ಬಳಸುವುದಕ್ಕೆ ತನ್ನ ಸದಸ್ಯರಿಗೆ ಅವಕಾಶ ಕೊಟ್ಟಿತು. ನಮ್ಮ ಕಡೆಯ ಕಾನೂನಿನಲ್ಲೂ ಇಂಥದ್ದೇ ಒಂದು ಕಂಡಿ ಇದೆ. ಗಲ್ಫ್‌ಗೆ ಕೆಲಸಕ್ಕೆ ಆಳು ಕಳಿಸುವವನಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಬೇಕು. ಓದಲಿಕ್ಕೆ ಕಳಿಸುವವನು ಆ ಕಾಯ್ದೆಯ ಹೊರಗೆ.

ಇನ್ನು ಅಧ್ಯಾಪಕರ ತಕರಾರಿಗೆ ಬರೋಣ. ಕಲಬುರಗಿಯಲ್ಲಿ ಈ ವಿಷಯ ಹೇಳಿದರೆ ಕೇಳುವ ಮೊದಲ ಪ್ರಶ್ನೆ: "ಅದರಾಗ ತಪ್ಪೇನದ್ರಿ? ನಮ್ಮಲ್ಲಿ ಗುಲಬರ್ಗಾ ಯೂನಿವರ್ಸಿಟಿ ಕೆಳಗ ಎಷ್ಟ್ ಖಾಸಗಿ ಕಾಲೇಜ್ ಇಲ್ಲ?" ಒಳ್ಳೆಯ ಪ್ರಶ್ನೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದಾಗಿನಿಂದ ಸಂಯೋಜಿತ ಕಾಲೇಜು ಅಂದರೆ ಏನು ಅಂತ ನಮಗೆ ಗೊತ್ತು. ಕಾಲೇಜು ಖಾಸಗಿಯವರದಿರಬಹುದು, ಆದರೆ ಪಠ್ಯಕ್ರಮ ವಿಶ್ವವಿದ್ಯಾಲಯದ್ದು, ಸೆಮಿಸ್ಟರ್ ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದ್ದು, ಮೌಲ್ಯಮಾಪನ ವಿಶ್ವವಿದ್ಯಾಲಯದ್ದು. ನಾನೇ ಎಷ್ಟು ಸಲ ಮೌಲ್ಯಮಾಪನ ಕೇಂದ್ರದಲ್ಲಿ, ಬೇಸಿಗೆಯ ಆ ಬಿಸಿಲಲ್ಲಿ, ಕೋಡ್ ಹಾಕಿದ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕೂತಿಲ್ಲ! ಯಾವ ಕಾಲೇಜಿನ ಹುಡುಗ, ಯಾವ ಊರಿನವನು, ಒಂದೂ ತಿಳಿಯದು. ಕಾಲೇಜಿನ ಮಾಲೀಕನಿಗೆ ಎಷ್ಟೇ ಆಸೆ ಇದ್ದರೂ ಆ ಕಟ್ಟಿನೊಳಗೆ ಕೈ ಹಾಕಲಾಗದು. ಇಂಟರ್ನಲ್ ಅಂಕಗಳ ಕಥೆ ಬೇರೆ, ಅದನ್ನು ಇಲ್ಲಿ ಎತ್ತಿದರೆ ಲೇಖನ ಬೇರೆ ದಿಕ್ಕಿಗೆ ಹೋಗುತ್ತದೆ.

ಪಾಥ್‌ವೇ ಕಾಲೇಜಿನಲ್ಲಿ ಆ ಗೋಡೆ ತೆಳು. ಏಜೆಂಟರ ಮೂಲಕ ವಿದ್ಯಾರ್ಥಿಯನ್ನು ಹುಡುಕುವುದು ಕಂಪನಿ, ಅರ್ಜಿ ನೋಡುವುದು ಕಂಪನಿ, ಪಾಠ ಅದರದು, ಸಾಮಾನ್ಯವಾಗಿ ಪರೀಕ್ಷೆ ನಡೆಸಿ ಅಂಕ ಕೊಡುವುದೂ ಅದೇ. ವಿಶ್ವವಿದ್ಯಾಲಯ ಪಠ್ಯಕ್ರಮ ಒಪ್ಪುತ್ತದೆ, ಮೇಲಿನಿಂದ ಪರಿಶೀಲಿಸುತ್ತದೆ. ಕಂಪನಿಯ ಆದಾಯ ನಿಂತಿರುವುದು ಎಷ್ಟು ಮಂದಿ ಬಂದರು, ಎಷ್ಟು ಮಂದಿ ಮುಂದಕ್ಕೆ ಹೋದರು ಎಂಬುದರ ಮೇಲೆ. ಇದರಿಂದ ಎರಡು ಬಗೆಯ ಆಸೆ ಹುಟ್ಟುತ್ತದೆ. ಸೋಲಬೇಕಾದವನನ್ನು ದಾಟಿಸಿಬಿಡುವ ಆಸೆ ಒಂದು. ಹಾಗೆ ದಾಟಿದವನು ಎರಡನೇ ವರ್ಷದ ತರಗತಿಯಲ್ಲಿ ಮುಳುಗುತ್ತಾನೆ, ಅವನನ್ನು ಎತ್ತುವ ಹೊಣೆ ವಿಶ್ವವಿದ್ಯಾಲಯದ ಮೇಷ್ಟ್ರ ಮೇಲೆ. ಇನ್ನೊಂದು ಇದಕ್ಕೆ ವಿರುದ್ಧ: ದಾಟಬಲ್ಲವನನ್ನೂ ಇನ್ನೊಂದು ಟರ್ಮ್ ಹಿಡಿದಿಟ್ಟು ಇನ್ನೊಂದಿಷ್ಟು ಫೀ ಪಡೆಯುವುದು. ಎಲ್ಲ ಕಂಪನಿಗಳೂ ಹೀಗೇ ಮಾಡುತ್ತವೆ ಅಂತ ನಾನು ಹೇಳುತ್ತಿಲ್ಲ. ಲೆಕ್ಕದ ಪುಸ್ತಕ ಬರೆಯುವವನೇ ಲೆಕ್ಕ ತಪಾಸಣೆಯನ್ನೂ ಮಾಡಿದರೆ, ಅವನು ಪ್ರಾಮಾಣಿಕನಾದರೂ ಊರಿನವರು ನಂಬುವುದು ಹೇಗೆ?

ಬ್ರಿಟನ್ನಿನಲ್ಲಿ ಈ ವಿರೋಧದ ಮುಂಚೂಣಿಯಲ್ಲಿದ್ದದ್ದು ಯುಸಿಯು ಎಂಬ ಅಧ್ಯಾಪಕರ ಒಕ್ಕೂಟ. 2006ರಲ್ಲಿ ಎರಡು ಹಳೆಯ ಸಂಘಗಳು ಸೇರಿ ಇದಾಯಿತು. ಹುಟ್ಟಿದ ಹೊತ್ತಿಗೇ ಈ ಕಂಪನಿಗಳು ಕ್ಯಾಂಪಸ್ಸಿಗೆ ಬರತೊಡಗಿದ್ದವು. ಅವರ ದೂರಿನಲ್ಲಿ ನೌಕರಿಯ ಪ್ರಶ್ನೆಯೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ರಾತ್ರೋರಾತ್ರಿ ಕಂಪನಿಯ ನೌಕರರಾಗುವ ಭಯ, ಪಿಂಚಣಿ ಕಡಿಮೆಯಾಗುವ ಭಯ, ಗಂಟೆ ಲೆಕ್ಕದ ಸಂಬಳ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2023ರ ಕೊನೆಯಲ್ಲಿ ಕಾಯಂ ಮಾಡಿ ಅಂತ ಮುಷ್ಕರಕ್ಕೆ ಕೂತದ್ದು ನೆನಪಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮುಂದಿನ ಟರ್ಮ್‌ಗೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲದ ಮೇಷ್ಟ್ರು, "ಈ ವಿದ್ಯಾರ್ಥಿ ಇನ್ನೂ ತಯಾರಾಗಿಲ್ಲ, ಫೇಲ್ ಮಾಡಬೇಕು" ಅಂತ ಗಟ್ಟಿಯಾಗಿ ಹೇಳುವುದು ಕಷ್ಟ. ನೌಕರಿಯ ಭದ್ರತೆಗೂ ಅಂಕಪಟ್ಟಿಯ ಸತ್ಯಕ್ಕೂ ಅಷ್ಟು ಹತ್ತಿರದ ಸಂಬಂಧ.

ಕೆನಡಾದಲ್ಲಿ ಜಗಳದ ಮುಖ ಬೇರೆ ಇತ್ತು. 2006ರಲ್ಲಿ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದೊಳಗೆ ಫ್ರೇಸರ್ ಇಂಟರ್‌ನ್ಯಾಷನಲ್ ಕಾಲೇಜು, 2008ರಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಇಂಟರ್‌ನ್ಯಾಷನಲ್ ಕಾಲೇಜ್ ಆಫ್ ಮ್ಯಾನಿಟೋಬಾ ಶುರುವಾದವು. ಎರಡೂ ನ್ಯಾವಿಟಾಸ್‌ನವೇ. ಅಧ್ಯಾಪಕರ, ವಿದ್ಯಾರ್ಥಿಗಳ ಸಂಘಗಳು ಎತ್ತಿದ ಪ್ರಶ್ನೆ, ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ನಮ್ಮನ್ನು ಯಾರು ಕೇಳಿದರು ಎಂಬುದು. ಯಾರಿಗೆ ಪ್ರವೇಶ, ಏನು ಪಾಠ ಎಂಬುದನ್ನು ನಿರ್ಧರಿಸುವುದು ಅಲ್ಲಿ ಸೆನೆಟ್‌ನ ಕೆಲಸ, ನಮ್ಮ ಅಕಾಡೆಮಿಕ್ ಕೌನ್ಸಿಲ್ ಇದ್ದ ಹಾಗೆ. ಒಪ್ಪಂದದ ಪ್ರತಿ ತೋರಿಸಿ ಅಂದರೆ ಎಲ್ಲ ಕಡೆ ಸಿಗುವ ಉತ್ತರ ಒಂದೇ: "ವ್ಯಾಪಾರದ ಗುಟ್ಟು." ಸಾರ್ವಜನಿಕ ದುಡ್ಡಿನಿಂದ ನಡೆಯುವ ವಿಶ್ವವಿದ್ಯಾಲಯವೊಂದು ತನ್ನ ಹೆಸರನ್ನು ಎಷ್ಟಕ್ಕೆ ಬಾಡಿಗೆಗೆ ಕೊಟ್ಟಿತು ಎಂಬುದು ಆ ಜನಕ್ಕೇ ತಿಳಿಯುವಂತಿಲ್ಲ.

ಹೆಸರು ಬಾಡಿಗೆಗೆ ಕೊಟ್ಟರೆ ಏನಾಗುತ್ತದೆ ಅಂತ ತಿಳಿಯಲು ನಾವು ಕೆನಡಾಗೆ ಹೋಗಬೇಕಿಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಕರಣ ನೆನಪಿಸಿಕೊಳ್ಳಿ. ರಾಜ್ಯದ ಹೊರಗೂ ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ ಕೋರ್ಸ್ ನಡೆಸಿದ್ದು ನಿಯಮಬಾಹಿರ ಅಂತ ಯುಜಿಸಿ 2015ರಲ್ಲಿ, 2012–13ರಿಂದಾಚೆ ಮಾನ್ಯತೆ ಇಲ್ಲ ಎಂದು ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸಿಕ್ಕಿಹಾಕಿಕೊಂಡವರು ಸಹಿ ಮಾಡಿದವರಲ್ಲ, ದುಡಿಯುತ್ತ ಓದುತ್ತಿದ್ದ ವಿದ್ಯಾರ್ಥಿಗಳು. ಪದವಿ ಪತ್ರ ಹಿಡಿದು ನೌಕರಿಗೆ ಅರ್ಜಿ ಹಾಕುವಾಗ ತಡಕಾಡಿದವರು ಅವರೇ.

ಇದೇ ಕಥೆಯ ದೊಡ್ಡ ಆವೃತ್ತಿ ನಡೆದದ್ದು ಕೆನಡಾದ ಒಂಟಾರಿಯೊದಲ್ಲಿ. ಅಲ್ಲಿನ ಸರ್ಕಾರಿ ಕಾಲೇಜುಗಳು, ಬಹಳಷ್ಟು ದೂರದ ಊರುಗಳವು, ಟೊರಾಂಟೊ ಸುತ್ತಮುತ್ತಲ ಖಾಸಗಿ ಕಾಲೇಜುಗಳಿಗೆ ತಮ್ಮ ಪಠ್ಯಕ್ರಮ ಮತ್ತು ಹೆಸರು ಕೊಟ್ಟವು. ಟಿಮ್ಮಿನ್ಸ್ ಎಂಬ ಊರಿನ ನಾರ್ದರ್ನ್ ಕಾಲೇಜನ್ನೇ ತೆಗೆದುಕೊಳ್ಳಿ. ಟಿಮ್ಮಿನ್ಸ್ ಇರುವುದು ಟೊರಾಂಟೊದಿಂದ ಸುಮಾರು 700 ಕಿಲೋಮೀಟರ್ ದೂರ, ನಮಗೆ ಬೆಂಗಳೂರು ಇರುವುದಕ್ಕಿಂತಲೂ ಆಚೆ. ಡಿಪ್ಲೊಮಾ ಪತ್ರದಲ್ಲಿ ಅದರ ಹೆಸರು, ಪಾಠ ಟೊರಾಂಟೊದ ಸ್ಕಾರ್ಬರೋದಲ್ಲಿ ಒಂದು ಖಾಸಗಿ ಕಾಲೇಜಿನ ಕಟ್ಟಡದಲ್ಲಿ. ಆ ಊರಿನ ಹಿಮವನ್ನೂ ನೋಡದೆ ಅದರ ಕಾಲೇಜಿನ ಡಿಪ್ಲೊಮಾ! ಈ ಪದ್ಧತಿ ನಿಲ್ಲಿಸಬೇಕು ಅಂತ ಪ್ರಾಂತ್ಯ ಸರ್ಕಾರವೇ ತರಿಸಿಕೊಂಡ ವರದಿ 2017ರ ಹೊತ್ತಿಗೇ ಹೇಳಿತ್ತು. ಸರ್ಕಾರ ಬದಲಾಯಿತು, ಪದ್ಧತಿ ಮುಂದುವರಿಯಿತು. 2021ರ ಡಿಸೆಂಬರಿನಲ್ಲಿ ಒಂಟಾರಿಯೊದ ಮಹಾಲೆಕ್ಕಪರಿಶೋಧಕರು ಹೇಳಿದ ಅಂಕಿಗಳನ್ನು ಕೇಳಿ: ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ವಿದೇಶಿಯರು ಶೇ 30, ಒಟ್ಟು ಬೋಧನಾ ಶುಲ್ಕದಲ್ಲಿ ಅವರಿಂದ ಬಂದದ್ದು ಶೇ 68, ಆ ವಿದೇಶಿಯರಲ್ಲಿ ಭಾರತೀಯರು ಶೇ 62. ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಆ ಕಾಲೇಜುಗಳ ಗಾಡಿ ಯಾರ ಹೆಗಲ ಮೇಲೆ ಓಡುತ್ತಿತ್ತು ಅಂತ ಕಾಣುತ್ತದೆ.

2023ರ ಆಗಸ್ಟಿನಲ್ಲಿ ನಾರ್ದರ್ನ್ ಕಾಲೇಜು 500ಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳ ಪ್ರವೇಶ ಪತ್ರಗಳನ್ನು ತರಗತಿ ಶುರುವಾಗಲು ಕೆಲವೇ ವಾರ ಇರುವಾಗ ಹಿಂತೆಗೆದುಕೊಂಡಿತು. ಬಹುಪಾಲು ಭಾರತದವರು, ವಿಮಾನದ ಟಿಕೆಟ್ ಕೈಯಲ್ಲಿ ಹಿಡಿದವರು. 2024ರ ಜನವರಿಯಲ್ಲಿ ಕೆನಡಾ ಸರ್ಕಾರ ಹೊಸ ಸ್ಟಡಿ ಪರ್ಮಿಟ್‌ಗಳನ್ನು ಸುಮಾರು ಶೇ 35ರಷ್ಟು ಇಳಿಸಿ 3,60,000ಕ್ಕೆ ಮಿತಿ ಹಾಕಿತು. ಅದೇ ಮೇ ತಿಂಗಳಿನಿಂದ, ಇಂಥ ಸರ್ಕಾರಿ–ಖಾಸಗಿ ಜೋಡಿ ಕಾಲೇಜುಗಳಲ್ಲಿ ಹೊಸದಾಗಿ ಸೇರುವವರಿಗೆ ಓದಿನ ನಂತರದ ಕೆಲಸದ ಪರವಾನಗಿ ಇಲ್ಲ ಎಂದಿತು. ಎಷ್ಟೋ ಮಂದಿ ಆ ಡಿಪ್ಲೊಮಾ ಆರಿಸಿದ್ದೇ ಆ ಪರವಾನಗಿಗೋಸ್ಕರ. ವರ್ಷಗಟ್ಟಲೆ ಅಧ್ಯಾಪಕರು ಕೂಗಿದಾಗ ಯಾರೂ ಕೇಳಲಿಲ್ಲ. ಮನೆ ಬಾಡಿಗೆ ಏರಿ ಮತದಾರ ಸಿಟ್ಟಾದಾಗ ಒಮ್ಮೆಲೇ ಬಾಗಿಲು ಬಿತ್ತು. ಬಾಗಿಲಿನ ಸಂದಿಯಲ್ಲಿ ಬೆರಳು ಸಿಕ್ಕಿದ್ದು ನಮ್ಮ ಮಕ್ಕಳದು. ಏಜೆಂಟನಿಗೆ ಕಮಿಷನ್ ಅಷ್ಟರಲ್ಲೇ ಸಂದಿತ್ತು.

ಅಧ್ಯಾಪಕರ ವಿರೋಧವನ್ನೂ ರಾಜಕಾರಣಿಗಳ ವಿರೋಧವನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅಂತ ನಾನು ಹೇಳುವುದು ಇದಕ್ಕೇ. ರಾಜಕಾರಣಿಗೆ ಬೇಕಾದದ್ದು ಬರುವವರ ಸಂಖ್ಯೆ ಇಳಿಯುವುದು. ಅಧ್ಯಾಪಕರು ಕೇಳುತ್ತಿದ್ದದ್ದು, ಬರುವವರನ್ನು ನಾವೇ ಆರಿಸೋಣ, ನಾವೇ ಕಲಿಸೋಣ, ನಮ್ಮ ಹುಡುಗರ ಜೊತೆ ಒಂದೇ ತರಗತಿಯಲ್ಲಿ ಕೂರಿಸೋಣ ಅಂತ. ಪಾಥ್‌ವೇ ಕಾಲೇಜಿನ ತರಗತಿಯಲ್ಲಿ ಇಂಗ್ಲಿಷರವನು ಒಬ್ಬ ಸಿಗುವುದೂ ಅಪರೂಪ. ಇಂಗ್ಲೆಂಡಿಗೆ ಹೋಗಿ ಇಡೀ ವರ್ಷ ಪರದೇಶದವರ ನಡುವೆಯೇ ಕೂರುವುದು. ನಾಲ್ಕು ಭಾಷೆಯವರ ಗೆಳೆತನ ಸಿಗುತ್ತದೆ, ಅದೂ ಒಂದು ಲಾಭವೇ ಎನ್ನಿ. ಆದರೆ ಆ ಹುಡುಗಿ ಹೊರಟಿದ್ದು ಅದಕ್ಕಲ್ಲ.

ಕಂಪನಿಗಳ ಪರವಾಗಿ ಹೇಳುವುದೂ ಇದೆ. ಅವರ ತರಗತಿಗಳು ಚಿಕ್ಕವು. ದೊಡ್ಡ ಉಪನ್ಯಾಸ ಸಭಾಂಗಣದ ಮೂಲೆಯಲ್ಲಿ ಕಳೆದುಹೋಗುವುದಕ್ಕಿಂತ, ಇಪ್ಪತ್ತು ಮಂದಿಯ ತರಗತಿಯಲ್ಲಿ ಪ್ರಬಂಧ ಬರೆಯುವುದು ಹೇಗೆ, ಉಲ್ಲೇಖ ಕೊಡುವುದು ಹೇಗೆ ಅಂತ ಕೈ ಹಿಡಿದು ಕಲಿಸಿದರೆ ಆಳಂದ, ಜೇವರ್ಗಿಯ ಕನ್ನಡ ಮಾಧ್ಯಮದ ಹುಡುಗನಿಗೆ ಅದು ದೊಡ್ಡ ಸಹಾಯ. ಈ ದಾರಿಯಿಂದ ಹೋಗಿ ಚೆನ್ನಾಗಿ ಓದಿ ನೆಲೆಯಾದವರು ನನ್ನ ವಿದ್ಯಾರ್ಥಿಗಳಲ್ಲೇ ಇಬ್ಬರಿದ್ದಾರೆ. 2024ರ ಜನವರಿಯಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ, ಕಡಿಮೆ ಅಂಕದ ವಿದೇಶಿಯರಿಗೆ ಇದು ಹಿಂಬಾಗಿಲು ಅಂತ ದೊಡ್ಡದಾಗಿ ಬರೆಯಿತು. ವಿಶ್ವವಿದ್ಯಾಲಯಗಳ ಉತ್ತರ: ನೀವು ಪದವಿಯ ನೇರ ಪ್ರವೇಶವನ್ನೂ ಫೌಂಡೇಶನ್ ಕೋರ್ಸನ್ನೂ ಹೋಲಿಸುತ್ತಿದ್ದೀರಿ, ಫೌಂಡೇಶನ್‌ಗೆ ಸ್ಥಳೀಯರಿಗೂ ಕಡಿಮೆ ಅಂಕ ಸಾಕು. ಆ ಉತ್ತರದಲ್ಲಿ ಹುರುಳಿತ್ತು. ಆದರೂ ಅವು ಗುಣಮಟ್ಟ ಪರಿಶೀಲನೆಗೆ ಒಪ್ಪಬೇಕಾಯಿತು. ಪತ್ರಿಕೆಯ ಬರಹದಲ್ಲಿ 'ಹಿಂಬಾಗಿಲಿನಿಂದ ಬಂದವರು' ಅನ್ನಿಸಿಕೊಂಡವರು ಮಾತ್ರ ಮುಂಬಾಗಿಲಿನವರಿಗಿಂತ ಹೆಚ್ಚು ದುಡ್ಡು ಕೊಟ್ಟವರು. ಈ ವಿಪರ್ಯಾಸದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ.

ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ಮೆಟ್ಟಿಲನ್ನು ವಾಪಸ್ ಪಡೆಯಬಹುದು ಎಂಬುದಕ್ಕೂ ಉದಾಹರಣೆ ಇದೆ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯ ನ್ಯಾವಿಟಾಸ್‌ನೊಂದಿಗಿನ ಒಪ್ಪಂದ ನವೀಕರಿಸದೆ ಪಾಥ್‌ವೇ ಕೋರ್ಸನ್ನು ತಾನೇ ನಡೆಸಲು ನಿರ್ಧರಿಸಿತು. 2014ರ ಜುಲೈಯಲ್ಲಿ ಆ ಸುದ್ದಿ ಹೊರಬಿದ್ದ ದಿನ ಕಂಪನಿಯ ಷೇರು ಪಾತಾಳಕ್ಕೆ ಇಳಿಯಿತು. ಒಂದು ವಿಶ್ವವಿದ್ಯಾಲಯ ಮೊದಲ ವರ್ಷದ ಪಾಠವನ್ನು ತಾನೇ ಮಾಡುತ್ತೇನೆ ಅಂದದ್ದಕ್ಕೆ ಷೇರುಪೇಟೆ ನಡುಗಿತಂತೆ ಅಂತ ನನ್ನ ಸಹೋದ್ಯೋಗಿಗಳಿಗೆ ಹೇಳಿದಾಗ ಸ್ಟಾಫ್ ರೂಮಿನಲ್ಲಿ ನಗು ಎದ್ದಿತ್ತು.

ಹುಡುಗಿಯ ಪತ್ರಕ್ಕೆ ಮರಳುತ್ತೇನೆ. ಆ ಸಂಜೆ ನಾವು ಮೂವರೂ ಅದನ್ನು ಪೆನ್ಸಿಲ್ ಹಿಡಿದು ಓದಿದೆವು. ಮುಂದಕ್ಕೆ ಹೋಗಲು ಪ್ರತಿ ವಿಷಯದಲ್ಲಿ ಎಷ್ಟು ಅಂಕ, ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಎಷ್ಟು ಎಂಬುದು ಎಂಟನೇ ಹಾಳೆಯಲ್ಲಿತ್ತು. ಅಂಕ ಬರದಿದ್ದರೆ "ಬೇರೆ ಆಯ್ಕೆಗಳನ್ನು ಸೂಚಿಸಲಾಗುವುದು" ಅಂತ ಒಂದೇ ಸಾಲು. ಬೇರೆ ಆಯ್ಕೆ ಅಂದರೆ ಬೇರೆ ವಿಶ್ವವಿದ್ಯಾಲಯ ಆಗಬಹುದು, ಆಗ ಲಾಂಛನವೂ ಬದಲು. ಇನ್ನೂ ಗಂಭೀರ ವಿಷಯ ವೀಸಾ. ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಸಿಗುವುದು ಪ್ರಾಯೋಜಕ ಸಂಸ್ಥೆ ಕೊಡುವ ದೃಢೀಕರಣದ ಮೇಲೆ. ಆ ಸಂಸ್ಥೆ ಕಂಪನಿಯೋ ವಿಶ್ವವಿದ್ಯಾಲಯವೋ? ಕಂಪನಿಯಾದರೆ, ಎರಡನೇ ವರ್ಷಕ್ಕೆ ಹೋಗುವಾಗ ಹೊಸ ದೃಢೀಕರಣ, ಹೊಸ ಅರ್ಜಿ, ಹೊಸ ಫೀ ಬೇಕಾಗುತ್ತದೆಯೇ? ಪತ್ರದಲ್ಲಿ ಸ್ಪಷ್ಟವಿರಲಿಲ್ಲ. ಡಿಪಾಸಿಟ್ ವಾಪಸ್ಸಿನ ನಿಯಮ ಮಾತ್ರ ಬಹಳ ಸ್ಪಷ್ಟವಿತ್ತು: ವೀಸಾ ನಿರಾಕರಣೆಯಾದರೆ ಒಂದಿಷ್ಟು ಕಳೆದು ವಾಪಸ್, ಮನಸ್ಸು ಬದಲಾದರೆ ಇಲ್ಲ. ಓದಿನ ನಂತರ ಅಲ್ಲಿ ಉಳಿದು ಕೆಲಸ ಹುಡುಕುವ ಅವಧಿಯನ್ನು 2027ರ ಜನವರಿಯಿಂದ ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಸುತ್ತಾರೆ ಎಂಬುದನ್ನು ಏಜೆಂಟ್ ಹೇಳಿರಲೇ ಇಲ್ಲ. ಸಾಲದ ಕಂತಿನ ಲೆಕ್ಕ ಹಾಕಿದ್ದ ಅಪ್ಪ ಆ ಆರು ತಿಂಗಳನ್ನು ಎರಡು ಸಲ ಕೇಳಿ ಬರೆದುಕೊಂಡರು.

ಏಜೆಂಟನ ಮೂಲಕ ಅಲ್ಲ, ನೇರವಾಗಿ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಗೇ ಇಮೇಲ್ ಬರಿ ಅಂದೆ. ಹುಡುಗಿ ಅಲ್ಲೇ ಕೂತು ಫೋನಿನಲ್ಲಿ ನಾಲ್ಕು ಪ್ರಶ್ನೆ ಟೈಪ್ ಮಾಡಿದಳು. ನನ್ನ ಪಿಯುಸಿ ಅಂಕಕ್ಕೆ ನೇರವಾಗಿ ಮೊದಲ ವರ್ಷಕ್ಕೆ ಪ್ರವೇಶ ಸಿಗುತ್ತದೆಯೇ, ಇಲ್ಲವಾದರೆ ಎಷ್ಟು ಕಡಿಮೆ? ನನ್ನ ವೀಸಾದ ಪ್ರಾಯೋಜಕರು ಯಾರು? ಹೋದ ವರ್ಷ ಈ ಕೋರ್ಸಿಗೆ ಸೇರಿದವರಲ್ಲಿ ಎಷ್ಟು ಮಂದಿ ನಿಮ್ಮ ಎರಡನೇ ವರ್ಷಕ್ಕೆ ಬಂದರು? ನಾಲ್ಕನೆಯದು ಅಪ್ಪನ ಪ್ರಶ್ನೆ, ಅದನ್ನು ಇಂಗ್ಲಿಷಿಗೆ ತಿರುಗಿಸಲು ಅವಳು ನನ್ನ ಕಡೆ ನೋಡಿದಳು: ನನ್ನನ್ನು ಕಳಿಸಿದ ಏಜೆಂಟನಿಗೆ ಎಷ್ಟು ಕಮಿಷನ್ ಕೊಡುತ್ತೀರಿ?

ಆರು ದಿನಕ್ಕೆ ಉತ್ತರ ಬಂತು. ಐಇಎಲ್‌ಟಿಎಸ್‌ನಲ್ಲಿ ಅರ್ಧ ಬ್ಯಾಂಡ್ ಹೆಚ್ಚಿಗೆ ತಂದರೆ ನೇರ ಪ್ರವೇಶಕ್ಕೆ ಅರ್ಜಿ ಪರಿಗಣಿಸಬಹುದು ಅಂತ ಮೊದಲನೆಯದಕ್ಕೆ. ವೀಸಾದ ಪ್ರಾಯೋಜಕರು ಕಂಪನಿ. ಮೂರನೆಯದಕ್ಕೆ ಶೇಕಡಾವಾರು ಕೊಟ್ಟಿರಲಿಲ್ಲ, "ಬಹುಪಾಲು ವಿದ್ಯಾರ್ಥಿಗಳು" ಅಂತ ಬರೆದಿದ್ದರು. ನಾಲ್ಕನೆಯದಕ್ಕೆ, ಅದು ವಾಣಿಜ್ಯ ಗೌಪ್ಯತೆಗೆ ಒಳಪಟ್ಟ ವಿಷಯ, ತಿಳಿಸಲಾಗದು, ಕ್ಷಮಿಸಿ.

ಹುಡುಗಿ ಹೈದರಾಬಾದಿನಲ್ಲಿ ಮತ್ತೆ ಪರೀಕ್ಷೆಗೆ ದಿನಾಂಕ ತೆಗೆದುಕೊಂಡಳು. ಉತ್ತರವನ್ನು ಅಪ್ಪನಿಗೆ ಓದಿ ಹೇಳಿದ್ದು ನಾನೇ, ಗಂಜ್‌ನ ಅಂಗಡಿಯಲ್ಲಿ, ತೊಗರಿ ಚೀಲಗಳ ನಡುವೆ ನಿಂತು. 'ಗೌಪ್ಯತೆ' ಎಂಬ ಮಾತು ಬಂದಾಗ ಅವರು ಗಲ್ಲೆಯ ಮೇಲಿದ್ದ ಪಟ್ಟಿ ಪುಸ್ತಕ ಎತ್ತಿ ನನ್ನ ಮುಂದೆ ಹಿಡಿದರು. ಅವತ್ತು ಬೆಳಿಗ್ಗೆ ಚಿತ್ತಾಪುರ ಕಡೆಯ ರೈತನೊಬ್ಬನಿಗೆ ಹರಿದು ಕೊಟ್ಟ ಪಟ್ಟಿಯ ಕಾರ್ಬನ್ ಪ್ರತಿ, ನೀಲಿ ಅಕ್ಷರ ಮಾಸಲಾಗಿತ್ತು. "ನೋಡ್ರಿ ಸರ, ಹಮಾಲಿ ಎಷ್ಟ್, ತೂಕದ್ದು ಎಷ್ಟ್, ಅಡತಿ ಎಷ್ಟ್, ಎಲ್ಲಾ ಬರದೀನಿ. ಬರೀಲಿಲ್ಲಂದ್ರ ಅಂವ ನಾಳಿ ನನ್ ಅಂಗಡಿಗಿ ಬರ್ತಾನೇನ್ರಿ?"